ಎಳೆತದಿಂದ ತಿಳಿದ ತೂಕ



ರಾಯದುರ್ಗ, ಮಡಕಶಿರಾದ ಕನ್ನಡ ಮನೆಯವರಾದ ನಾವು ತೆಲುಗು ಬಲಿಪೂಜೆಯಲ್ಲಿ ಕುಳಿತಾಗ, 'ನಾವೂ ಲೆಕ್ಕಕ್ಕಿದ್ದೇವೆಯೇ?' ಅಂದುಕೊಳ್ಳುವುದುಂಟು.

ಸುಮಾರು 40 ಜ್ಯೋತಿರ್ವರ್ಷ ದೂರದ ಟ್ರ್ಯಾಪಿಸ್ಟ್-1 ನಕ್ಷತ್ರಕ್ಕೆ ಹೆಚ್ಚುಕಡಿಮೆ ಭೂಮಿಯಷ್ಟೇ ಗಾತ್ರದ 7 ಗ್ರಹಗಳಿವೆ. (ಹೆಸರಿನಲ್ಲಿ ಟ್ರ್ಯಾಪಿಸ್ಟ್ ಸನ್ಯಾಸಿಗಳ ನೆನಪೂ ಇದೆ!) 2016ರಲ್ಲಿ ಮೊದಲ ಮೂರು ಸಿಕ್ಕಾಗ, ಬೆಂಗಳೂರಿನ ಬಳಿಯ ಹೊಸಕೋಟೆಯಿಂದ ನಡೆಸುವ ಲಡಾಖಿನ ಹಿಮಾಲಯನ್ ಚಂದ್ರ ದೂರದರ್ಶಕವೂ ಆ ಕೆಲಸದಲ್ಲಿತ್ತು. ಗ್ರಹಗಳನ್ನು ಯಾರೂ ನೇರವಾಗಿ ಕಂಡಿಲ್ಲ. ಅಡ್ಡ ಹಾಯ್ದಾಗ ನಕ್ಷತ್ರದ ಬೆಳಕು ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಕುಗ್ಗುತ್ತದೆ. ಅದರಿಂದ ಗಾತ್ರ ತಿಳಿಯಿತು. ತೂಕ? ನೆರೆಗ್ರಹ ಎಳೆದಾಗ ಹಾಯುವ ಹೊತ್ತು ಹಿಂದುಮುಂದಾಗುತ್ತದೆ. ಆ ಎಳೆತದಿಂದಲೇ ತೂಕ, ತೂಕದಿಂದ ಅವು ಕಲ್ಲಿನವೆಂಬುದು ಗೊತ್ತಾಯಿತು. ನೆರೆಯಿಲ್ಲದ ಒಂಟಿ ಗ್ರಹಕ್ಕೆ ಈ ದಾರಿಯಿಲ್ಲ.

ದೇವರು ತಾರೆಗಳನ್ನು ಎಣಿಸಿ ಹೆಸರಿಡುವುದನ್ನು 147ನೇ ಕೀರ್ತನೆ ಹಾಡುತ್ತದೆ. ಎಣಿಕೆ ಅವರದೇ ಆಗಿರಲಿ. ನಾವು ಈ ವಾರ ಪಕ್ಕದ ತೆಲುಗು ಮನೆಯ ರೋಗಿಯನ್ನು ನೋಡಿಬರೋಣ.