ಮೂವತ್ತು ಮುಹೂರ್ತಗಳಲ್ಲಿ ಒಂದು

॥ ಶ್ರೀ ವೀತರಾಗಾಯ ನಮಃ ॥

ಈ ಲೋಕದಲ್ಲಿ ಎಲ್ಲರಿಗೂ ಸಮನಾಗಿ ಹಂಚಲ್ಪಟ್ಟ ಸಂಪತ್ತು ಒಂದೇ, ಅದು ಸಮಯ. ಒಬ್ಬನಿಗೆ ಹತ್ತು ಎಕರೆ ಹೊಲವಿದ್ದರೆ ಇನ್ನೊಬ್ಬನಿಗೆ ಒಂದು ಗುಂಟೆಯೂ ಇರುವುದಿಲ್ಲ. ಒಬ್ಬನ ಬಾವಿಯಲ್ಲಿ ನೀರಿದ್ದರೆ ಇನ್ನೊಬ್ಬನ ಬಾವಿ ಬತ್ತಿರುತ್ತದೆ. ಆದರೆ ದಿನವೊಂದಕ್ಕೆ ಅರಸನಿಗೂ ಆಳಿಗೂ ದೊರೆಯುವುದು ಅರುವತ್ತೇ ಗಳಿಗೆ. ಎರಡು ಗಳಿಗೆ ಕೂಡಿದರೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಹೀಗೆ ಹಗಲು ರಾತ್ರಿ ಸೇರಿ 30 ಮುಹೂರ್ತಗಳಾಗುತ್ತವೆ. ಇವುಗಳಲ್ಲಿ ಒಂದನ್ನಾದರೂ ಶ್ರಾವಕನು ಸಾಮಾಯಿಕಕ್ಕಾಗಿ ಮೀಸಲಿಡಬೇಕೆಂಬುದು ಹಿರಿಯರು ನಡೆಸಿಕೊಂಡು ಬಂದ ಪದ್ಧತಿ. ಉಳಿದ ಇಪ್ಪತ್ತೊಂಬತ್ತನ್ನು ಯಾರೂ ಕೇಳಿಲ್ಲ.

ಆದರೂ ಇಂದು ಯಾರನ್ನು ಕೇಳಿದರೂ ಬರುವ ಉತ್ತರ "ವೇಳೆಯೇ ಇಲ್ಲ" ಎಂದೇ. ಈ ಮಾತನ್ನು ಪೂರ್ಣ ಸುಳ್ಳೆನ್ನಲಾಗದು. ಜತ್ತ ತಾಲೂಕು ಮೊದಲಿನಿಂದಲೂ ಬರದ ನಾಡು. ಮ್ಹೈಸಾಳ ಏತ ನೀರಾವರಿಯಿಂದ ಕೃಷ್ಣೆಯ ನೀರು ಕೆಲವು ಊರುಗಳಿಗೆ ಬಂದಿದ್ದರೂ, ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವ ಕಷ್ಟವನ್ನು ಇಲ್ಲಿಯ ಜನರು ಬಲ್ಲರು. ರಾತ್ರಿ ಕರೆಂಟು ಬಂದರೆ ರೈತನು ನಿದ್ದೆಗೆಟ್ಟು ಪಂಪು ಹಚ್ಚಬೇಕು. ದ್ರಾಕ್ಷಿ ಬಳ್ಳಿ ಕತ್ತರಿಸಿದ ದಿನದಿಂದ ಗೊನೆ ಕೊಯ್ಯುವವರೆಗೆ ಮೋಡ ಕವಿದರೂ ಚಿಂತೆ, ಇಬ್ಬನಿ ಬಿದ್ದರೂ ಚಿಂತೆ. ವ್ಯಾಪಾರಸ್ಥನಿಗೆ ಅಂಗಡಿ, ಉದರಿ ವಸೂಲಿ, ಸಾಂಗಲಿ–ವಿಜಯಪುರ ಪೇಟೆಗಳ ತಿರುಗಾಟ. ಗೃಹಿಣಿಗೆ ಒಲೆ ಹೊತ್ತಿಸಿದ ಗಳಿಗೆಯಿಂದ ಮಲಗುವವರೆಗೆ ಬಿಡುವೆಂಬುದಿಲ್ಲ. ಇಷ್ಟೆಲ್ಲದರ ನಡುವೆ ದೇವರಿಗೆ ಸಮಯ ಕೊಡುವುದು ಹೇಗೆ?

ಇಲ್ಲಿ ಮೊದಲು ತಿಳಿಯಬೇಕಾದ ಸಂಗತಿಯೊಂದಿದೆ. ದೇವರಿಗೆ ಯಾರ ಸಮಯವೂ ಬೇಕಾಗಿಲ್ಲ. ಜಿನೇಶ್ವರನು ವೀತರಾಗನು. ಪೂಜಿಸಿದವನಿಗೆ ಒಲಿಯುವವನೂ ಅಲ್ಲ, ಮರೆತವನ ಮೇಲೆ ಮುನಿಯುವವನೂ ಅಲ್ಲ. ಹಾಗಾದರೆ ಬಸದಿಗೆ ಹೋಗಿ ಕೈಮುಗಿದು ನಿಲ್ಲುವ ಸಮಯ ಯಾರದು? ಉತ್ತರ ಆ ಶಬ್ದದಲ್ಲಿಯೇ ಅಡಗಿದೆ. ಶಾಸ್ತ್ರಗಳಲ್ಲಿ 'ಸಮಯ'ವೆಂದರೆ ಕಾಲವೂ ಹೌದು, ಆತ್ಮನೂ ಹೌದು. ಕುಂದಕುಂದಾಚಾರ್ಯರು ತಮ್ಮ ಗ್ರಂಥಕ್ಕೆ 'ಸಮಯಸಾರ'ವೆಂದು ಹೆಸರಿಟ್ಟದ್ದು ಆತ್ಮನೆಂಬ ಅರ್ಥದಲ್ಲಿಯೇ. ಆದ್ದರಿಂದ "ಸಮಯವಿಲ್ಲ" ಎನ್ನುವವನು ತನಗರಿವಿಲ್ಲದೆ "ಆತ್ಮವೇ ಇಲ್ಲ" ಎಂದು ನುಡಿದಂತಾಗುತ್ತದೆ. ದೇವರ ಎದುರಿಗೆ ಕುಳಿತ ಒಂದು ಮುಹೂರ್ತವು ತನಗೆ ತಾನೇ ಕೊಟ್ಟುಕೊಂಡದ್ದು.

ಗೃಹಸ್ಥನಿಗೆ ಇದು ಸಾಧ್ಯವೇ ಎಂಬ ಸಂದೇಹಕ್ಕೆ ಉತ್ತರ ಹುಡುಕಲು ಬಹುದೂರ ಹೋಗಬೇಕಾಗಿಲ್ಲ. ದೂಧಗಂಗಾ–ವೇದಗಂಗಾ ನದಿಗಳು ಕೂಡುವಲ್ಲಿರುವ ಭೋಜ ಗ್ರಾಮದ ಪಾಟೀಲ ಮನೆತನದಲ್ಲಿ 1872ರಲ್ಲಿ ಸಾತಗೌಡರೆಂಬ ಪುಣ್ಯಪುರುಷರು ಜನಿಸಿದರು. ಅವರ ಮನೆಯಲ್ಲಿ ಹೊಲವೂ ಇತ್ತು, ಬಟ್ಟೆಯ ಅಂಗಡಿಯೂ ಇತ್ತು. ತಮ್ಮನು ಇಲ್ಲದ ವೇಳೆ ಗಿರಾಕಿ ಬಂದರೆ, ಬೇಕಾದ ಬಟ್ಟೆಯನ್ನು ನೀನೇ ಅಳೆದುಕೋ, ಹಣ ಇಟ್ಟುಹೋಗು, ಉದರಿಯಾದರೆ ಪುಸ್ತಕದಲ್ಲಿ ಬರೆದಿಡು ಎನ್ನುತ್ತಿದ್ದರೆಂದು ಅವರ ಚರಿತ್ರೆಯಲ್ಲಿದೆ. ಅಂಗಡಿಯಲ್ಲಿ ಕುಳಿತಿದ್ದರೂ ಅಂಗಡಿಯು ಅವರೊಳಗೆ ಕುಳಿತಿರಲಿಲ್ಲ. ಅವರೇ ಮುಂದೆ ಶಾಂತಿಸಾಗರ ಮುನಿಗಳಾಗಿ, 1924ರಲ್ಲಿ ಇದೇ ಸಾಂಗಲಿ ಜಿಲ್ಲೆಯ ಸಮಡೋಳಿಯಲ್ಲಿ ಆಚಾರ್ಯ ಪದವಿಯನ್ನು ಪಡೆದರು. 1955ರಲ್ಲಿ ಕುಂಥಲಗಿರಿಯಲ್ಲಿ ಶಾಂತಚಿತ್ತದಿಂದ ಸಮಾಧಿ ಹೊಂದಿದರು. ಆ ಕೊನೆಯ ಶಾಂತಿ ಕೊನೆಯ ದಿನಗಳಲ್ಲಿ ಗಳಿಸಿದ್ದಲ್ಲ. ಬಟ್ಟೆಯ ಅಂಗಡಿಯಲ್ಲಿದ್ದಾಗಲೇ ಅದರ ಬಿತ್ತನೆಯಾಗಿತ್ತು.

ಉಳ್ಳವರಲ್ಲಿ ಇತ್ತೀಚೆಗೆ ಇನ್ನೊಂದು ಭಾವನೆ ಬೆಳೆದಿದೆ. ಸಮಯ ಕೊಡಲಾಗದಿದ್ದರೂ ಹಣ ಕೊಟ್ಟರಾಯಿತು ಎಂಬುದು. ಅಭಿಷೇಕದ ಸವಾಲಿನಲ್ಲಿ ದೊಡ್ಡ ಮೊತ್ತ ಕೂಗಿ, ಕಲಶ ಹಿಡಿದು, ಫೋಟೋ ತೆಗೆಸಿಕೊಂಡು ಹೊರಟವರು ಮತ್ತೆ ಬಸದಿಯ ಮೆಟ್ಟಿಲು ಹತ್ತುವುದು ಮುಂದಿನ ಉತ್ಸವಕ್ಕೆ. ದಾನವು ಶ್ರೇಷ್ಠವೇ. ಶ್ರಾವಕನ ನಿತ್ಯದ ಆರು ಕರ್ತವ್ಯಗಳಲ್ಲಿ ಅದೂ ಒಂದು. ಆದರೆ ದೇವಪೂಜೆ, ಗುರುಪಾಸ್ತಿ, ಸ್ವಾಧ್ಯಾಯ, ಸಂಯಮ, ತಪಸ್ಸು ಎಂಬ ಉಳಿದ ಐದರ ಬಾಕಿಯನ್ನು ದಾನವೊಂದರಿಂದ ತೀರಿಸಲಾಗದು. ಕಿರಾಣಿ ಖಾತೆಗೆ ಜಮೆ ಮಾಡಿದರೆ ಬಟ್ಟೆ ಖಾತೆಯ ಸಾಲ ತೀರುವುದೇ? ಊಟಕ್ಕೆ ಹೇಗೆ ಆಳನ್ನು ಕಳುಹಿಸಲಾಗದೋ ಹಾಗೆಯೇ ಸಾಮಾಯಿಕಕ್ಕೂ ಬದಲಿ ಜನವಿಲ್ಲ.

ಕುಳಿತ ಮಾತ್ರಕ್ಕೆ ಸಾಮಾಯಿಕ ಆಗುವುದೂ ಇಲ್ಲ. ತತ್ತ್ವಾರ್ಥಸೂತ್ರದಲ್ಲಿ ಅದರ ಐದು ಅತಿಚಾರಗಳನ್ನು ಹೇಳಿದೆ. ಮನಸ್ಸು, ಮಾತು, ದೇಹ ಈ ಮೂರೂ ಅಡ್ಡದಾರಿ ಹಿಡಿಯುವುದು, ಅನಾದರ ತೋರುವುದು ಹಾಗೂ ಮಾಡಬೇಕಾದದ್ದನ್ನು ಮರೆಯುವುದು. ಶತಮಾನಗಳ ಹಿಂದೆ ಹೇಳಿದ ಈ ಐದೂ ದೋಷಗಳು ಇಂದು ಮೊಬೈಲ್ ಎಂಬ ಒಂದೇ ವಸ್ತುವಿನಲ್ಲಿ ಒಟ್ಟಾಗಿವೆ. ಜಪಮಾಲೆ ಒಂದು ಕೈಯಲ್ಲಿ, ಮೊಬೈಲ್ ಇನ್ನೊಂದು ಕೈಯಲ್ಲಿ ಇದ್ದರೆ ಎಣಿಕೆ ಮುಂದುವರಿಯಬಹುದು, ಜಪ ಮುಂದುವರಿಯದು. ಸಾಮಾಯಿಕದಲ್ಲಿ ನಿಂತ ಗೃಹಸ್ಥನು ಬಟ್ಟೆ ಹೊದಿಸಲ್ಪಟ್ಟ ಮುನಿಗೆ ಸಮಾನನೆಂದು ಸಮಂತಭದ್ರಾಚಾರ್ಯರು ಹೇಳಿರುವರು. ಅಂತಹ ಪದವಿಯನ್ನು ಒಂದು ರಿಂಗಿಗೆ ಬಿಟ್ಟುಕೊಡುವುದು ಯಾವ ವ್ಯಾಪಾರಿಗೂ ಲಾಭದ ವ್ಯವಹಾರವಲ್ಲ.

ಇನ್ನು, ನಿಜವಾಗಿಯೂ 48 ನಿಮಿಷ ಕೂಡಲಾರದವರಿದ್ದಾರೆ. ಕೂಲಿಗೆ ಹೋಗುವ ತಾಯಂದಿರು, ರೋಗಿಯ ಸೇವೆಯಲ್ಲಿರುವವರು, ಕಬ್ಬಿನ ಕಟಾವಿಗೆ ಊರು ಬಿಟ್ಟು ಹೋದವರು. ಇವರನ್ನು ದೂರುವ ಅಧಿಕಾರ ಯಾರಿಗೂ ಇಲ್ಲ. ಇವರಿಗಾಗಿಯೂ ದಾರಿಯುಂಟು. ಒಂದು ಣಮೋಕಾರಕ್ಕೆ ಮೂರು ಉಸಿರಿನಂತೆ, 27 ಉಸಿರಿನಲ್ಲಿ ಒಂಬತ್ತು ಸಲ ಣಮೋಕಾರ ಮಂತ್ರವನ್ನು ಸ್ಮರಿಸಿದರೆ ಒಂದು ಕಾಯೋತ್ಸರ್ಗವಾಗುತ್ತದೆ. ಅದಕ್ಕೆ ಎರಡು ನಿಮಿಷ ಸಾಕು. ಬಾವಿಯ ದಂಡೆಯಲ್ಲಿಯೂ ಆಗುತ್ತದೆ, ಬಸ್ಸಿನ ನಿಲ್ದಾಣದಲ್ಲಿಯೂ ಆಗುತ್ತದೆ. ಇದೇ ತಾಲೂಕಿನ ಉಮದಿಯಲ್ಲಿ ಹುಟ್ಟಿದ ಭಾವುಸಾಹೇಬ ಮಹಾರಾಜರು (1843–1914) ಬೇರೆ ಸಂಪ್ರದಾಯದವರಾದರೂ ಸಂಸಾರಿಗಳಿಗೆ ಬೋಧಿಸಿದ್ದು ನಿತ್ಯ ತಪ್ಪದ ನಾಮಧ್ಯಾನದ ನೇಮವನ್ನೇ. ಒಲೆ ಉರಿ ಬೇಡುವಂತೆ ಮನಸ್ಸು ದಿನವೂ ನೇಮವನ್ನು ಬೇಡುತ್ತದೆ ಎಂಬುದನ್ನು ಅನುಭವಿಗಳೆಲ್ಲರೂ ಬಲ್ಲರು.

ಅಂಗಡಿಯ ಬಾಗಿಲು ತೆರೆಯುವ ಮೊದಲು ಬಸದಿಯ ಬಾಗಿಲಿಗೆ ಹೋಗುವುದು, ಸಂಜೆ ಸೂರ್ಯ ಮುಳುಗುವ ಮುನ್ನ ಮನೆಮಂದಿ ಕೂಡಿ ಉಂಡು ಬಳಿಕ ಸ್ವಲ್ಪ ಹೊತ್ತು ಸ್ವಾಧ್ಯಾಯ ಮಾಡುವುದು, ಅಷ್ಟಮಿ–ಚತುರ್ದಶಿಗಳಂದಾದರೂ ಒಂದು ಮುಹೂರ್ತ ಪೂರ್ತಿ ಕೂಡುವುದು. ಇಷ್ಟು ನಡೆದರೆ ಮಕ್ಕಳಿಗೆ ಬೇರೆ ಉಪದೇಶ ಬೇಡ. ಅವರು ಕೇಳಿ ಕಲಿಯುವುದಕ್ಕಿಂತ ನೋಡಿ ಕಲಿಯುವುದೇ ಹೆಚ್ಚು. ಇಂದು ತಂದೆ ಬಾರದ ಬಸದಿಗೆ ನಾಳೆ ಮಗ ಬರಲಾರ. ಆಗ ಶಿಖರ ಎಷ್ಟೇ ಎತ್ತರವಿದ್ದರೂ ಅಭಿಷೇಕಕ್ಕೆ ನಿಲ್ಲುವವರು ಅರ್ಚಕರೊಬ್ಬರೇ ಆಗುವರು.

ಅಂಗಡಿಯ ಲೆಕ್ಕ ಮುಗಿಯುವ ದಿನ ದೀಪಾವಳಿಯೆಂದು ಮೊದಲೇ ಗೊತ್ತಿರುತ್ತದೆ. ಆಯುಷ್ಯದ ಪುಸ್ತಕ ಮುಗಿಯುವ ದಿನವನ್ನು ಯಾರೂ ಮುಂಚಿತವಾಗಿ ತಿಳಿಸುವುದಿಲ್ಲ. ಆದುದರಿಂದ ಜಾಣನಾದವನು ಪ್ರತಿದಿನದ ಜಮೆಯನ್ನು ಆಯಾ ದಿನವೇ ಬರೆದಿಡುವನು. ಈ ವಾರ್ಷಿಕೋತ್ಸವಕ್ಕೆ ಬಂದ ಸಕಲ ಶ್ರಾವಕ–ಶ್ರಾವಿಕೆಯರು ಪ್ರಸಾದದ ಜೊತೆಗೆ ಮೂವತ್ತರಲ್ಲಿ ಒಂದು ಮುಹೂರ್ತದ ಸಂಕಲ್ಪವನ್ನೂ ಮನೆಗೆ ಒಯ್ಯುವಂತಾಗಲಿ.

ಸರ್ವರಿಗೂ ಮಂಗಲವಾಗಲಿ. ಜಯ ಜಿನೇಂದ್ರ.