ನೆಲೆಯೂ ನ್ಯಾಯವೂ

ಹೊಟ್ಟೆಯ ಪಾಡಿಗಾಗಿ ಹುಟ್ಟಿದ ಊರನ್ನು ಬಿಟ್ಟು ಮತ್ತೊಂದು ಊರನ್ನು ಸೇರುವುದು ಮನುಷ್ಯನಿಗೆ ಹೊಸದಲ್ಲ. ಆದರೆ ಹಾಗೆ ಹೋದವನಿಗೂ ಅವನು ಹೋಗಿ ಸೇರಿದ ಊರಿಗೂ ನಡುವೆ ಏರ್ಪಡುವ ಸಂಬಂಧವು ಎಂತಹುದು, ಅದು ಬರಿಯ ಕೊಡುಕೊಳ್ಳುವ ವ್ಯವಹಾರವೋ, ಉಳ್ಳವರ ಕರುಣೆಯೋ, ಅಥವಾ ಧರ್ಮದಿಂದ ತೀರಿಸಲೇಬೇಕಾದ ಋಣವೋ ಎಂಬ ಪ್ರಶ್ನೆಯನ್ನು ನಮ್ಮ ಸಮಾಜವು ಇನ್ನೂ ನೇರವಾಗಿ ಕೇಳಿಕೊಂಡಂತೆ ಕಾಣುವುದಿಲ್ಲ. ಇದು ದೊಡ್ಡ ನಗರಗಳಿಗೆ ಸೇರಿದ ವಿಚಾರವೆಂದು ಹಳ್ಳಿಗಾಡಿನವರಾದ ನಾವು ಸುಮ್ಮನಿರುವುದು ರೂಢಿ. ಆದರೆ ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯಂತಹ ಊರಿನಲ್ಲಿ ನಿಂತು ನೋಡಿದರೆ ಈ ಪ್ರಶ್ನೆಯ ಎರಡು ಮುಖಗಳೂ ಒಟ್ಟಿಗೆ ಗೋಚರವಾಗುತ್ತವೆ. ಇಲ್ಲಿಯ ಹುಡುಗರು, ಓದು ಮುಗಿಸಿದವರೂ ಅರ್ಧಕ್ಕೆ ಬಿಟ್ಟವರೂ, ತಿಪಟೂರಿನಲ್ಲಿ ರೈಲು ಹತ್ತಿ ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಿಗೂ ಗಾರ್ಮೆಂಟ್ಸ್‌ಗಳಿಗೂ ಹೋಗುತ್ತಾರೆ. ಅವರ ಕೈ ತಪ್ಪಿದ ತೆಂಗಿನ ತೋಟದ ಕೆಲಸಕ್ಕೆ, ಕಾಯಿಪುಡಿಯ ಕಾರ್ಖಾನೆಗಳಿಗೆ, ಈ ಸೀಮೆಯ ಬಡವರ ಜೊತೆಗೆ ಉತ್ತರ ಕರ್ನಾಟಕದವರೂ ಬಿಹಾರ, ಅಸ್ಸಾಮುಗಳ ಕಡೆಯವರೂ ಬಂದು ಸೇರುತ್ತಾರೆ. ಕಳುಹಿಸಿಕೊಡುವುದೂ ಬರಮಾಡಿಕೊಳ್ಳುವುದೂ ಒಂದೇ ಸೀಮೆಯ ಪಾಲಿಗೆ ಬಂದಿದೆ. ಈ ಇಬ್ಬಗೆಯ ಸ್ಥಿತಿಯನ್ನು ಆಧಾರವಾಗಿಟ್ಟುಕೊಂಡು ನ್ಯಾಯದ ಸ್ವರೂಪವನ್ನು ವಿಚಾರಮಾಡುವುದು ಈ ಪ್ರಬಂಧದ ಉದ್ದೇಶ.

ಮೊದಲು ದುಡಿಮೆಯನ್ನೇ ಹತ್ತಿರದಿಂದ ನೋಡೋಣ. ತೆಂಗಿನ ಕಾಯಿ ಗೊನೆಯಲ್ಲಿ ಬಲಿಯುವುದಕ್ಕೆ ಸುಮಾರು ಒಂದು ವರ್ಷ ಬೇಕು. ಕೆಡವಿದ ಕಾಯಿಯನ್ನು ಅಟ್ಟದ ಮೇಲೆ ಹಾಕಿದರೆ, ಒಳಗಿನ ನೀರು ಬತ್ತಿ, ತಿರುಳು ಕರಟವನ್ನು ಬಿಟ್ಟು ಗಿಟುಕಾಗುವುದಕ್ಕೆ ಮತ್ತೆ ಎಂಟು ತಿಂಗಳೋ ವರ್ಷವೋ ಬೇಕು. ಆಮೇಲೆ ಸುಲಿಯುವ ಕೆಲಸ. ನೆಲದಲ್ಲಿ ನೆಟ್ಟ ಕಬ್ಬಿಣದ ಮೊನೆಗೆ ಕಾಯಿಯನ್ನು ಒತ್ತಿ, ಮೈಯ ಭಾರವನ್ನೆಲ್ಲ ತೋಳಿಗೆ ತಂದು, ಮೂರು ನಾಲ್ಕು ತಿರುವಿನಲ್ಲಿ ಮಟ್ಟೆಯನ್ನು ಬಿಡಿಸುವವನು ಒಬ್ಬ; ಅವನಿಂದ ಬಂದ ಬೋಳು ಕಾಯಿಯನ್ನು ಅಂಗೈಯಲ್ಲಿಟ್ಟುಕೊಂಡು, ಸಣ್ಣ ಮಚ್ಚಿನಿಂದ ಕರಟದ ಸುತ್ತ ಹದವಾಗಿ ಬಡಿದು, ಒಳಗಿನ ಉಂಡೆಗೆ ಗಾಯವಾಗದಂತೆ ಕರಟವನ್ನು ಮಾತ್ರ ಉದುರಿಸುವ ಹೆಂಗಸು ಇನ್ನೊಬ್ಬಳು. ಪೆಟ್ಟು ಒಂದಿಷ್ಟು ಹೆಚ್ಚಾದರೆ ಉಂಡೆ ಹೋಳಾಗುತ್ತದೆ. ಹೋಳಾದರೆ ಬೆಲೆ ಇಳಿಯುತ್ತದೆ. ಕೂಲಿ ಸಾವಿರ ಕಾಯಿಗೆ ಇಷ್ಟೆಂದು. ಹೀಗಿರಲಾಗಿ, ತಿಪಟೂರಿನ ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿಗೆ ಸಿಗುವ ಬೆಲೆಯೊಳಗೆ ಮಣ್ಣಿನ ಗುಣವೂ ಮರದ ವಯಸ್ಸೂ ಸೇರಿರುವಂತೆ, ಆ ಅಂಗೈಯ ಎಚ್ಚರವೂ ಸೇರಿದೆಯೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ತೋಟದವನ ಹೆಸರು ಪಹಣಿಯಲ್ಲಿದೆ, ವರ್ತಕನ ಹೆಸರು ಮಂಡಿಯ ಲೈಸೆನ್ಸಿನಲ್ಲಿದೆ, ಸರ್ಕಾರ ಖರೀದಿ ಕೇಂದ್ರ ತೆರೆದಾಗ ನೋಂದಣಿಯ ಸಾಲಿನಲ್ಲಿ ನಿಲ್ಲುವವನೂ ಪಹಣಿಯುಳ್ಳವನೇ. ಉಂಡೆಯನ್ನು ಉಂಡೆಯಾಗಿ ಉಳಿಸಿದ ಕೈಗೆ ಮಾತ್ರ ಯಾವ ದಫ್ತರದಲ್ಲಿಯೂ ಸ್ಥಾನವಿಲ್ಲ. ಅನ್ಯಾಯವು ಇಲ್ಲಿ ಹಿಂಸೆಯ ರೂಪದಲ್ಲಿ ಬರುವುದಿಲ್ಲ. ಲೆಕ್ಕಕ್ಕೆ ಹಿಡಿಯದಿರುವ ರೂಪದಲ್ಲಿ ಬರುತ್ತದೆ.

ವಲಸೆಯೇ ಅನಿಷ್ಟವೆಂದು ಹೇಳುವುದು ನನ್ನ ಅಭಿಪ್ರಾಯವಲ್ಲ. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಸುಟ್ಟ ಧಾತು ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ತುಮಕೂರು ಜಿಲ್ಲೆಯೂ ಬೆಂದಿತು. 1871ರ ಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿಯಿತು. ಅಂದು ಮನೆಗೆ ಕದ ಹಾಕಿಕೊಂಡು ಹೊರಟವರಲ್ಲಿ ಕೆಲವರಾದರೂ ಬದುಕಿಕೊಂಡದ್ದು ಹೊರಟುದರಿಂದಲೇ. ಇನ್ನು ಜಾತಿಯ ಕಟ್ಟಿಗೆ ಸಿಕ್ಕಿದವರ ಪಾಲಿಗೆ ಊರು ಬಿಡುವುದು ಕೇವಲ ಅನ್ನದ ಮಾತಲ್ಲ, ಮಾನದ ಮಾತು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸುತ್ತ ಅಂಬೇಡ್ಕರ್ ಅವರು ಗ್ರಾಮವನ್ನು ಆದರ್ಶವೆಂದು ಹೊಗಳುವವರನ್ನು ಕಟುವಾಗಿ ಖಂಡಿಸಿದ್ದಕ್ಕೆ ಕಾರಣವಿತ್ತು: ಯಾವ ಕೇರಿಯಲ್ಲಿ ಹುಟ್ಟಿದೆ ಎಂಬುದರಿಂದಲೇ ಮನುಷ್ಯನ ಬೆಲೆಯನ್ನು ಕಟ್ಟುವ ಊರಿನಿಂದ ಹೊರಡುವ ದಾರಿಯೇ ಅವನಿಗೆ ಸ್ವಾತಂತ್ರ್ಯದ ಮೊದಲನೆಯ ದಾರಿ. ದೇಶದಲ್ಲೆಲ್ಲ ಸಂಚರಿಸುವ, ಎಲ್ಲಿ ಬೇಕಾದರೂ ನೆಲಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿಯಲ್ಲಿ ಬರೆದಿಟ್ಟವರು ಈ ಸತ್ಯವನ್ನು ಬಲ್ಲವರಾಗಿದ್ದರು. ಆದುದರಿಂದ ಹಳ್ಳಿ ಬರಿದಾಗುತ್ತಿದೆಯೆಂದು ಹಲುಬುವಾಗ, ಹಳ್ಳಿಯು ಯಾರನ್ನು ಎಂದೂ ತನ್ನವರೆಂದು ಎಣಿಸಲಿಲ್ಲವೋ ಅವರ ದೃಷ್ಟಿಯಿಂದಲೂ ಯೋಚಿಸುವುದು ನಮ್ಮ ಕರ್ತವ್ಯ.

ಆದರೆ ಹೋಗುವ ಹಕ್ಕಿಗೆ ಅರ್ಥ ಬರುವುದು ಇರುವ ಹಕ್ಕೂ ಜೊತೆಗಿದ್ದಾಗ. ತನ್ನ ಊರಿನಲ್ಲಿ ಉಳಿದು ಬಾಳುವುದು ಸಾಧ್ಯವಿದ್ದೂ ಯಾವನು ಹೊರಟನೋ ಅವನದು ಆಯ್ಕೆ. ಉಳಿದರೆ ಉಪವಾಸವೆಂದು ಹೊರಟವನದು ಆಯ್ಕೆಯ ವೇಷ ತೊಟ್ಟ ನಿರ್ಬಂಧ. ಈ ಭೇದವನ್ನು ಸುಪ್ರೀಂ ಕೋರ್ಟು 1982ರಲ್ಲಿ ಸ್ಪಷ್ಟಪಡಿಸಿತು. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡಗಳಲ್ಲಿ ದುಡಿದ ಕೂಲಿಗಳ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು, ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸಿಕೊಳ್ಳುವುದು 23ನೆಯ ವಿಧಿಯು ನಿಷೇಧಿಸಿದ ಬಲವಂತದ ದುಡಿಮೆಯೇ ಸರಿ, ಏಕೆಂದರೆ ಹಸಿವು ಮತ್ತು ದಾರಿದ್ರ್ಯಗಳ ಒತ್ತಾಯವೂ ಒತ್ತಾಯವೇ ಎಂದು ತೀರ್ಪಿತ್ತರು. ಕೆಲಸಗಾರನು ಒಪ್ಪಿಕೊಂಡೇ ಬಂದನಲ್ಲ ಎಂಬ ವಾದಕ್ಕೆ ಅಂದೇ ಉತ್ತರ ದೊರಕಿದೆ. ಒಪ್ಪಿಗೆಯ ಬೆಲೆಯನ್ನು ತಿಳಿಯಬೇಕಾದರೆ, ಒಪ್ಪದೆ ಹೋಗಿದ್ದರೆ ಅವನಿಗೆ ಏನು ಉಳಿಯುತ್ತಿತ್ತು ಎಂದು ಕೇಳಬೇಕು.

ಏನೂ ಉಳಿಯದಂತಹ ಸ್ಥಿತಿಯು ದೈವಾಯತ್ತವಾದುದಲ್ಲ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ಕರ್ನಾಟಕದ ಅಂದಿನ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದೂ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದೂ ಗುರುತಿಸಿತು. ಆ ಕೊನೆಯ ವರ್ಗದಲ್ಲಿ ದೊಡ್ಡ ಪಾಲು ಅಂದಿನ ಗುಲ್ಬರ್ಗ ವಿಭಾಗದ್ದು, ಎಂದರೆ ಇಂದಿನ ಕಲ್ಯಾಣ ಕರ್ನಾಟಕದ್ದು. ಮಳೆಯನ್ನೇ ನಂಬಿದ ಒಂದೇ ಬೆಳೆ, ದೂರದ ಶಾಲೆ, ಇಲ್ಲದ ಕೈಗಾರಿಕೆ, ಸುಗ್ಗಿಗೆ ಮೊದಲೇ ಮೇಸ್ತ್ರಿಯ ಕೈಯಿಂದ ಪಡೆದ ಮುಂಗಡ, ಇವೆಲ್ಲ ಸೇರಿ ಒಂದು ಸಂಸಾರವನ್ನು ಗುಳೆ ಎಬ್ಬಿಸುತ್ತವೆ. ಈ ಪಟ್ಟಿಯಲ್ಲಿ ಮಳೆಯೊಂದನ್ನುಳಿದು ಮಿಕ್ಕವೆಲ್ಲ ಮನುಷ್ಯರ ತೀರ್ಮಾನಗಳಿಂದಾದವು. ತೀರ್ಮಾನದಿಂದಾದುದನ್ನು ತೀರ್ಮಾನದಿಂದಲೇ ತಿದ್ದಬಹುದು.

ಇಲ್ಲಿಗೆ ನಮ್ಮ ಸೀಮೆಯವರು ಒಂದು ಬಲವಾದ ಆಕ್ಷೇಪವನ್ನು ಎತ್ತುತ್ತಾರೆ. ಅದನ್ನು ಗೌರವದಿಂದ ಎದುರಿಸತಕ್ಕದ್ದು. ತೋಟದವನೂ ಬಡವನೇ ಅಲ್ಲವೆ, ಎರಡು ಮೂರು ಎಕರೆಯ ಒಡೆಯನು ಯಾರನ್ನು ಶೋಷಿಸಬಲ್ಲನು, ಎಂದು. ಈ ಮಾತಿನಲ್ಲಿ ಸತ್ಯವಿದೆ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿಯಿದ್ದರೂ ಮಾರುಕಟ್ಟೆಯ ಬೆಲೆ ಅದಕ್ಕಿಂತ ಬಹಳ ಕೆಳಗೆ ಕುಸಿಯಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಬೆಳೆಗಾರರು ಬೀದಿಗಿಳಿದು ಕೂಗಬೇಕಾಯಿತು. ಎರಡು ವರ್ಷ ಕಳೆದು 2025ರಲ್ಲಿ ಅದೇ ಕೊಬ್ಬರಿ 20,000 ರೂಪಾಯಿಗಳನ್ನು ದಾಟಿ ಮೇಲಕ್ಕೇರಿತು. ಇಂತಹ ಏರಿಳಿತವನ್ನು ಒಬ್ಬ ಸಣ್ಣ ರೈತನು ತಾಳಿಕೊಳ್ಳುವುದು ಹೇಗೆ? ಲೋಕದ ಬೇರೆ ತೆಂಗಿನ ನಾಡುಗಳಲ್ಲಿಯೂ ಕಥೆ ಇದೇ. ಫಿಲಿಪೀನ್ಸಿನಲ್ಲಿ ಮಾರ್ಕೋಸನ ಆಳ್ವಿಕೆಯಲ್ಲಿ ತೆಂಗು ಬೆಳೆಗಾರರ ಹೆಸರಿನಲ್ಲಿ ಅವರಿಂದಲೇ ಎತ್ತಿದ ಸುಂಕದ ಹಣವು ಆಳುವವರ ಆಪ್ತರ ಕೈ ಸೇರಿತು. ಅದನ್ನು ಬೆಳೆಗಾರರಿಗೆ ಸಲ್ಲಿಸುವ ಕಾನೂನು ಆಗಬೇಕಾದರೆ 2021 ಬರಬೇಕಾಯಿತು. ಅಷ್ಟರಲ್ಲಿ ಆ ದೇಶದ ಲಕ್ಷಾಂತರ ಜನ ಕಡಲಾಚೆಯ ದುಡಿಮೆಗೆ ಹೊರಟುಹೋಗಿದ್ದರು.

ಆದರೆ ಈ ಆಕ್ಷೇಪವನ್ನು ಅದರ ಕೊನೆಯವರೆಗೂ ಒಯ್ದು ನೋಡಿದರೆ ಅದು ಕೂಲಿಯವನ ಪರವಾಗಿಯೇ ವಾದಿಸತೊಡಗುತ್ತದೆ. ಬೆಂಬಲ ಬೆಲೆಯನ್ನು ಕೇಳುವಾಗ ಬೆಳೆಗಾರನು ಹೇಳುವುದೇನು? ಮಾರುಕಟ್ಟೆ ಏನೇ ನುಡಿಯಲಿ, ಬೆವರು ಸುರಿಸಿ ಬೆಳೆದವನ ದುಡಿಮೆಗೆ ಇದಕ್ಕಿಂತ ಕೆಳಗಿಳಿಯಲಾರದ ಒಂದು ಬೆಲೆಯುಂಟು. ಕೊಳ್ಳುವವನಿಗೆ ಕಡಿಮೆಗೆ ಸಿಕ್ಕಿತೆಂಬ ಮಾತ್ರಕ್ಕೆ ಆ ಬೆಲೆಯು ನ್ಯಾಯವಾಗದು. ಕಷ್ಟದಲ್ಲಿದ್ದವನು ಒಪ್ಪಿ ಮಾರಿದನೆಂಬುದು ಸಮರ್ಥನೆಯಾಗದು. ಕನಿಷ್ಠ ವೇತನದ ತತ್ತ್ವವೂ ಅಕ್ಷರಶಃ ಇದೇ. ರೈತನ ಗೆಣ್ಣಿನ ನೋವಿಗೆ ಒಂದು ತತ್ತ್ವ, ಅವನ ಅಂಗಳದಲ್ಲಿ ಕಾಯಿ ಸುಲಿಯುವವನ ನೋವಿಗೆ ಇನ್ನೊಂದು ತತ್ತ್ವವೆಂದು ಇರಲಾರದು. ಬೆಲೆ ಬಿದ್ದಾಗ ಎಲ್ಲಕ್ಕಿಂತ ಮೊದಲು ಕೂಲಿಗೆ ಕತ್ತರಿ ಹಾಕಿ, ಬೆಲೆ ಏರಿದಾಗ ಎಲ್ಲಕ್ಕಿಂತ ಕೊನೆಗೆ ಕೂಲಿಯನ್ನು ನೆನೆಯುವ ಲೆಕ್ಕಾಚಾರವು ಬೆಳೆಗಾರನ ಸ್ವಂತ ಬೇಡಿಕೆಯ ಬುಡವನ್ನೇ ಕಡಿಯುತ್ತದೆ. ತನ್ನ ಹಕ್ಕನ್ನು ಗಟ್ಟಿಮಾಡಿಕೊಳ್ಳಬೇಕೆನ್ನುವವನು ಅದನ್ನು ತನಗಿಂತ ಕೆಳಗಿನವನಿಗೂ ಸಲ್ಲುವ ಹಕ್ಕೆಂದು ಒಪ್ಪಬೇಕು. ಹಾಗೆ ಒಪ್ಪದ ಹಕ್ಕು ಬರಿಯ ಸ್ವಾರ್ಥದ ಕೂಗಾಗಿ ಉಳಿಯುತ್ತದೆ, ಕೂಗು ದಣಿದೊಡನೆ ಅಡಗುತ್ತದೆ.

ನಮ್ಮ ನಾಡಿನಲ್ಲಿ ದಯೆಗೆ ಬರವಿಲ್ಲ. ಜಿಲ್ಲೆಯ ಸಿದ್ಧಗಂಗೆಯ ಮಠದಲ್ಲಿ, 2019ರ ಜನವರಿಯಲ್ಲಿ ಕಾಲವಾದ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಉತ್ತರದ ಬರದ ಸೀಮೆಗಳಿಂದ ಬಂದ ಮಕ್ಕಳಿಗೂ ಅನ್ನ, ಅಕ್ಷರ, ಆಸರೆಗಳು ದೊರೆತದ್ದನ್ನು ಕೃತಜ್ಞತೆಯಿಂದ ನೆನೆಯದವನು ಮನುಷ್ಯನಲ್ಲ. ಆದರೆ ದಯೆಯ ಆಧಾರ ಕೊಡುವವನ ಮನಸ್ಸು. ನ್ಯಾಯದ ಆಧಾರ ಪಡೆಯುವವನ ದುಡಿಮೆ. ಶರಣ ಪರಂಪರೆಯಲ್ಲಿ ಆಯ್ದಕ್ಕಿ ಲಕ್ಕಮ್ಮನು ತನ್ನ ಗಂಡ ಮಾರಯ್ಯನು ಕಾಯಕಕ್ಕೆ ಮೀರಿ ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳೆಂಬ ಕಥೆಯನ್ನು ನಾವು ಬಡವಳ ನಿರ್ಲೋಭಕ್ಕೆ ನಿದರ್ಶನವೆಂದು ಮೆಚ್ಚುತ್ತೇವೆ. ಅದರ ಮತ್ತೊಂದು ಅರ್ಥವನ್ನು ಮರೆಯುತ್ತೇವೆ. ಕಾಯಕವೇ ಅಳತೆಯಾದರೆ, ಅಳತೆ ಮೀರಿ ತರುವುದು ಹೇಗೆ ತಪ್ಪೋ ಅಳತೆಗೆ ಕಡಿಮೆ ಕೊಡುವುದೂ ಹಾಗೆಯೇ ತಪ್ಪು. ಲಕ್ಕಮ್ಮನ ನಿಷ್ಠುರತೆಯು ದುಡಿಸಿಕೊಳ್ಳುವವನ ಕಣಜದ ಬಾಗಿಲಿಗೂ ಹೋಗಿ ನಿಲ್ಲಬೇಕು.

ದಯೆಯನ್ನೇ ನೆಚ್ಚಿ ನ್ಯಾಯವನ್ನು ಕೈಬಿಟ್ಟರೆ ಆಗುವುದೇನೆಂಬುದು 2020ರ ಮೇ ತಿಂಗಳಿನಲ್ಲಿ ಬಯಲಾಯಿತು. ಲಾಕ್‌ಡೌನಿನಲ್ಲಿ ಕೆಲಸವಿಲ್ಲದೆ ಊರಿಗೆ ಹೊರಟುನಿಂತ ಹೊರರಾಜ್ಯದ ಕೂಲಿಗಳಿಗಾಗಿ ಗೊತ್ತಾಗಿದ್ದ ರೈಲುಗಳನ್ನು, ಕಟ್ಟಡ ನಿರ್ಮಾಣದ ಉದ್ಯಮಿಗಳೊಡನೆ ಸಭೆ ನಡೆದ ಮೇಲೆ, ಕರ್ನಾಟಕ ಸರ್ಕಾರವು ಬೇಡವೆಂದಿತು; ನಾಡಿನಾದ್ಯಂತ ಖಂಡನೆಯಾದ ಕೆಲವೇ ದಿನಗಳಲ್ಲಿ ಆ ನಿರ್ಧಾರವನ್ನು ಹಿಂತೆಗೆದುಕೊಂಡಿತು. ಅವರಿಗೆ ಊಟದ ಪೊಟ್ಟಣವನ್ನು ಹಂಚಿದವರು ಆ ದಿನಗಳಲ್ಲಿ ಸಾವಿರಾರು ಮಂದಿ ಇದ್ದರು. ಪೊಟ್ಟಣ ದೊರೆಯಿತು, ಆದರೆ ಹೊರಡುವ ಸ್ವಾತಂತ್ರ್ಯವನ್ನು ಇನ್ನೊಬ್ಬರ ಕಾಮಗಾರಿಯ ಅನುಕೂಲಕ್ಕೆ ಒತ್ತೆಯಿಡಲಾಯಿತು. ಬರುವಾಗ ಹಸಿವಿನ ನಿರ್ಬಂಧ, ಹೊರಡುವಾಗ ಆಜ್ಞೆಯ ನಿರ್ಬಂಧ: ಇವೆರಡರ ನಡುವೆ ಸಿಕ್ಕಿದವನನ್ನು ಸ್ವತಂತ್ರ ಭಾರತದ ಪ್ರಜೆಯೆಂದು ಕರೆಯುವಾಗ ನಮ್ಮ ನಾಲಿಗೆ ತಡವರಿಸಬೇಕು.

ಕಾನೂನಿನಲ್ಲಿಯೂ ಇಂತಹ ಬಿರುಕುಗಳುಂಟು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯನ್ನು ರಚಿಸಿದಾಗ, ಗುತ್ತಿಗೆದಾರನ ಮೂಲಕ ರಾಜ್ಯದ ಗಡಿ ದಾಟಿ ಬಂದವನನ್ನು ಮಾತ್ರ ಗಣಿಸಲಾಯಿತು. ರಾಯಚೂರಿನಿಂದ ತಿಪಟೂರಿಗೆ ಬಂದವನು ಎಷ್ಟೋ ನೂರು ಮೈಲಿ ನಡೆದರೂ ಗಡಿಯನ್ನು ದಾಟಿದವನಲ್ಲವಾದ್ದರಿಂದ ಅದರ ಆಶ್ರಯಕ್ಕೆ ಹೊರಗಾದನು. ಅವನ ಓಟು ಅವನ ಊರಿನಲ್ಲಿದೆ. ಆದುದರಿಂದ ಅವನು ದುಡಿಯುವ ಊರಿನ ಪಂಚಾಯಿತಿ ಸದಸ್ಯನಿಗೆ ಅವನ ಶೆಡ್ಡಿನ ನೀರಿನ ಚಿಂತೆಯಿಲ್ಲ. ಅವನು ಇಲ್ಲದ ಊರಿನ ಸದಸ್ಯನಿಗೂ ಅವನ ಚಿಂತೆಯಿಲ್ಲ. ಅವನ ಮಗು ವರ್ಷದ ನಡುವೆ ಶಾಲೆಯನ್ನು ಬಿಟ್ಟು ಬರುತ್ತದೆ, ಮತ್ತೊಂದು ಶಾಲೆಯ ಹಾಜರಿಯನ್ನು ಸೇರುವ ಮೊದಲೇ ಹೊರಟುಹೋಗುತ್ತದೆ. ಬಡತನವು ತಂದೆಯಿಂದ ಮಗುವಿಗೆ ಇಳಿಯುವುದು ಹೀಗೆ. ಕೇರಳವು 2010ರಲ್ಲಿಯೇ ಹೊರಗಿನಿಂದ ಬಂದ ದುಡಿಮೆಗಾರರಿಗಾಗಿ ಪ್ರತ್ಯೇಕ ಕಲ್ಯಾಣ ಯೋಜನೆಯನ್ನು ರೂಪಿಸಿತು. ತನ್ನ ಮಕ್ಕಳನ್ನು ಗಲ್ಫಿಗೆ ಕಳುಹಿಸಿ ಅವರ ಕಷ್ಟವನ್ನು ಪತ್ರಗಳಲ್ಲಿ ಓದಿದ ಸಮಾಜಕ್ಕೆ, ತನ್ನ ಅಂಗಳಕ್ಕೆ ಬಂದವರ ಕಷ್ಟವನ್ನು ಓದುವ ಕಣ್ಣು ಬಂದದ್ದು ಸಹಜವೇ.

ಆ ಕಣ್ಣು ನಮಗೂ ಬರಬೇಕು. ಹಂಗಾಮಿಗೆ ಬಂದವರ ಹೆಸರನ್ನು ಬರೆದುಕೊಳ್ಳುವ ಒಂದು ಪುಸ್ತಕವನ್ನು ಪ್ರತಿಯೊಂದು ಪಂಚಾಯಿತಿಯೂ ಇಡಲಿ. ಕಾಯಿ ಸುಲಿಯುವ ಹಂಗಾಮು ತೊಡಗುವ ಮೊದಲು ಸಾವಿರ ಕಾಯಿಯ ದರವನ್ನು ಗ್ರಾಮಸಭೆಯಲ್ಲಿ, ಸುಲಿಯುವವರ ಎದುರಿನಲ್ಲಿಯೇ, ಗೊತ್ತುಮಾಡಲಿ. ನಡುವರ್ಷದಲ್ಲಿ ಬಂದ ಮಗುವನ್ನು ಶಾಲೆಯು ಪ್ರಶ್ನೆಯಿಲ್ಲದೆ ಕೂರಿಸಿಕೊಳ್ಳಲಿ. ಪಡಿತರವು ಮನುಷ್ಯನೊಡನೆ ನಡೆದುಬರಲಿ. ಇವುಗಳಲ್ಲಿ ಯಾವುದೂ ಒಂದು ಊರಿನ ಶಕ್ತಿಗೆ ಮೀರಿದುದಲ್ಲ. ಇವುಗಳೊಂದಿಗೆ, ಬಂದವನು ಬಾರದೆಯೇ ತನ್ನ ಊರಿನಲ್ಲಿ ಬಾಳುವಂತಾಗಲಿ ಎಂದು ಕಲ್ಯಾಣ ಕರ್ನಾಟಕದ ನೀರಾವರಿಗೂ ಶಾಲೆಗಳಿಗೂ ಸಲ್ಲಬೇಕಾದ ಹಣಕ್ಕಾಗಿ ನಾವೂ ದನಿಗೂಡಿಸಬೇಕು. ಅಗ್ಗದ ಆಳು ತಪ್ಪಿಹೋದಾನೆಂಬ ಅಂಜಿಕೆಯಿಂದ ನೆರೆಯವನ ಬಡತನವನ್ನು ಬಯಸುವ ಏಳಿಗೆಯು ಏಳಿಗೆಯೆನಿಸದು.

ಬೆಂಗಳೂರಿಗೆ ಹೋದ ಮಗನಿಗೆ ಬಾಡಿಗೆಯ ಕೋಣೆ ಸಿಗಲಿ, ತಿಂಗಳ ಸಂಬಳ ಹೊತ್ತಿಗೆ ಬರಲಿ, ಕಾಯಿಲೆಯಾದರೆ ಆಸ್ಪತ್ರೆಯವರು ಊರು ಯಾವುದೆಂದು ಕೇಳಿ ಹಿಂದಕ್ಕೆ ಕಳುಹಿಸದಿರಲಿ ಎಂದು ನಮ್ಮ ಮನೆಗಳಲ್ಲಿ ದಿನವೂ ಹಾರೈಸುತ್ತೇವೆ. ಆ ಹಾರೈಕೆಯು ಪ್ರಾರ್ಥನೆಯಾಗಿರುವವರೆಗೆ ದುರ್ಬಲ. ತೋಟಕ್ಕೆ ಬಂದ ಪರವೂರಿನವನಿಗೆ ಅದನ್ನೇ ನಾವು ಕಡ್ಡಾಯವಾಗಿ ಸಲ್ಲಿಸತೊಡಗಿದಂದು ಅದು ನಿಯಮವಾಗುತ್ತದೆ, ನಿಯಮವಾದದ್ದನ್ನು ನಗರದಿಂದ ಕೇಳುವ ಅಧಿಕಾರವೂ ಅಂದೇ ನಮ್ಮದಾಗುತ್ತದೆ. ಹುಟ್ಟಿದ ನೆಲದ ಮೇಲೆ ಇರುವಷ್ಟೇ ಹಕ್ಕು ದುಡಿದ ನೆಲದ ಮೇಲೆಯೂ ಮನುಷ್ಯನಿಗೆ ಉಂಟೆಂಬುದನ್ನು ಒಪ್ಪಿದ ಸಮಾಜದಲ್ಲಿ ಮಾತ್ರವೇ ಹೋಗುವವನು ಸೋತವನಂತೆ ಹೋಗುವುದಿಲ್ಲ, ಬರುವವನು ಬೇಡುವವನಂತೆ ಬರುವುದಿಲ್ಲ. ಅಂತಹ ಒಪ್ಪಿಗೆಯು ಮೊದಲು ವಿಧಾನಸೌಧದಲ್ಲಿ ಆಗಲೆಂದು ಕಾಯಬೇಕಾದುದಿಲ್ಲ. ಈ ವರ್ಷದ ಕೂಲಿಯ ದರವನ್ನು ನ್ಯಾಯವಾಗಿ ಗೊತ್ತುಮಾಡುವ ಯಾವ ಅಂಗಳದಲ್ಲಾದರೂ ಅದು ಆರಂಭವಾಗಬಹುದು.