ಮೆಗಾಟ್ರಾನ್‌ನ ಸಿಟ್ಟು

 

ನಮ್ಮ ಶಕ್ತಿನಗರದ ಕೆಲವು ತಾಯಂದಿರು ಈಚೆಗೆ ಒಂದು ಪ್ರಶ್ನೆ ಕೇಳುತ್ತಿದ್ದಾರೆ. "ಸರ್, ಹುಡುಗ ಸಂಜಿಗೆ ಪಂಚಶೀಲ ಹೇಳತಾನ. ಹೇಳಿ ಮುಗಿಸಿದ ಕೂಡಲೇ ಕಂಪ್ಯೂಟರ್ ಮುಂದ ಕುಂತು ಗುಂಡು ಹೊಡಿಯೋದೇ ಹೊಡಿಯೋದು. ಇದು ಮೊದಲನೇ ಶೀಲ ಮುರದಂಗ ಅಲ್ಲೇನ್ರಿ?" ಇಂದಿನ ಚಿಂತನೆಗೆ ಇದೇ ವಿಷಯ.

ಮಕ್ಕಳು ಕೊಲ್ಲುತ್ತಿರುವುದು ಮನುಷ್ಯರನ್ನಲ್ಲ, ರೋಬೋಟ್‌ಗಳನ್ನು. ನನ್ನ ತರಗತಿಯ ಒಬ್ಬ ಹುಡುಗ 'ಟ್ರಾನ್ಸ್‌ಫಾರ್ಮರ್ಸ್' ಆಟದ ಬಗ್ಗೆ ಶುರು ಮಾಡಿದರೆ ಗಂಟೆ ಹೊಡೆದರೂ ನಿಲ್ಲಿಸುವುದಿಲ್ಲ. 2010ರಲ್ಲಿ 'ವಾರ್ ಫಾರ್ ಸೈಬರ್‌ಟ್ರಾನ್' ಎಂಬ ಆಟ ಬಂತು. ಅದರ ಮುಂದಿನ ಭಾಗ 2012ರ 'ಫಾಲ್ ಆಫ್ ಸೈಬರ್‌ಟ್ರಾನ್'. ಆಟ ಹಳೆಯದಾದರೂ ಇವನಿಗೆ ಹೊಸದು. "ಮೊದಲನೇದಕ್ಕಿಂತ ಎರಡನೇದು ಭಾರಿ ಐತ್ರಿ ಸರ್. ಇದರಾಗ ಡೈನೋಸಾರ್ ಆಗೋ ರೋಬೋಟ್ ಐತ್ರಿ. ಊರಷ್ಟು ದೊಡ್ಡ ರೋಬೋಟ್ ಎದ್ದು ಬರತೈತ್ರಿ" ಎನ್ನುವಾಗ ಅವನ ಕಣ್ಣು ಅರಳುತ್ತವೆ. ಇಷ್ಟು ಪ್ರೀತಿಯಿಂದ ಮಗು ಒಂದು ಕಥೆ ಹೇಳುವಾಗ ದೊಡ್ಡವರು ಪೂರ್ತಿ ಕೇಳಿಸಿಕೊಳ್ಳಬೇಕು. ಆ ಕಥೆಯಲ್ಲಿ ನಮ್ಮದೇ ಪ್ರಶ್ನೆ ಇರಬಹುದು.

ಮೊದಲು ಶೀಲದ ವಿಷಯ. ಪಾಣಾತಿಪಾತ ಎಂದರೆ ಪ್ರಾಣ ಇರುವುದನ್ನು ಕೊಲ್ಲುವುದು. ಎದುರಿಗೆ ಜೀವ ಇರಬೇಕು, ಅದು ಜೀವ ಎಂಬ ಅರಿವಿರಬೇಕು, ಕೊಲ್ಲುವ ಮನಸ್ಸಿರಬೇಕು, ಅದಕ್ಕೆ ಪ್ರಯತ್ನ ನಡೆಯಬೇಕು, ಜೀವ ಹೋಗಬೇಕು. ಈ ಐದೂ ಕೂಡಿದರೆ ಮಾತ್ರ ಅದು ಪ್ರಾಣಹತ್ಯೆ ಎಂದು ಪಾಲಿ ಅಟ್ಠಕಥೆಗಳು ವಿವರಿಸುತ್ತವೆ. ಪರದೆಯ ಮೇಲಿನ ರೋಬೋಟ್‌ಗೆ ಪ್ರಾಣವಿಲ್ಲ. ಆದ್ದರಿಂದ ಶೀಲ ಮುರಿಯಲಿಲ್ಲ. ಆದರೆ ವಿಚಾರ ಇಲ್ಲಿಗೇ ಮುಗಿಯುವುದಿಲ್ಲ. ಅಹಿಂಸೆಯನ್ನು ಕುರುಡು ನಿಯಮವಾಗಿ ಅಲ್ಲ, ತತ್ವವಾಗಿ ನೋಡಬೇಕೆಂದು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ತಿಳಿಸಿದ್ದಾರೆ. ತತ್ವ ನಮ್ಮನ್ನು ಯೋಚಿಸಲು ಬಿಡುತ್ತದೆ. ಹಾಗಾಗಿ ಮಗುವಿನ ಬೆರಳು ಯಾವ ಗುಂಡಿ ಒತ್ತಿತು ಎನ್ನುವುದಕ್ಕಿಂತ, ಆಡುವಾಗ ಅವನ ಮನಸ್ಸು ಏನನ್ನು ಕಲಿಯುತ್ತಿದೆ ಎಂದು ನೋಡೋಣ.

ಸೈಬರ್‌ಟ್ರಾನ್ ರೋಬೋಟ್‌ಗಳ ಗ್ರಹ. ಅಲ್ಲಿ ಆಟೋಬಾಟ್ ಮತ್ತು ಡಿಸೆಪ್ಟಿಕಾನ್ ಎಂಬ ಎರಡು ಪಡೆಗಳು. ಒಂದಕ್ಕೆ ಆಪ್ಟಿಮಸ್ ಪ್ರೈಮ್ ನಾಯಕ, ಇನ್ನೊಂದಕ್ಕೆ ಮೆಗಾಟ್ರಾನ್. ಎಲ್ಲರಿಗೂ ಬೇಕಾದದ್ದು 'ಎನರ್ಜಾನ್' ಎಂಬ ಶಕ್ತಿ. ಅದು ಮುಗಿದರೆ ಬದುಕೇ ಇಲ್ಲ. ಶಕ್ತಿನಗರದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1985ರಲ್ಲಿ ಮೊದಲ ಘಟಕ ಶುರುವಾಗಿ, ಈಗ 8 ಘಟಕಗಳ 1720 ಮೆಗಾವ್ಯಾಟ್ ಸ್ಥಾವರವಾಗಿರುವ ಆರ್‌ಟಿಪಿಎಸ್ ನೆರಳಲ್ಲೇ ಬೆಳೆದವರು ಅವರು. ಕಲ್ಲಿದ್ದಲು ಬರದಿದ್ದರೆ ಘಟಕ ನಿಲ್ಲುತ್ತದೆ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು.

ಈ ಮೆಗಾಟ್ರಾನ್ ಯಾರು? ಎಲ್ಲರೂ ಅವನನ್ನು ಖಳನಾಯಕ ಎನ್ನುತ್ತಾರೆ. ಆದರೆ ಈ ಆಟಗಳ ಹಿನ್ನೆಲೆಯಾಗಿ 2010ರಲ್ಲೇ ಬಂದ 'ಎಕ್ಸೋಡಸ್' ಕಾದಂಬರಿಯಲ್ಲಿ ಸೈಬರ್‌ಟ್ರಾನ್‌ನಲ್ಲಿ ಜಾತಿವ್ಯವಸ್ಥೆ ಇದೆ. ಯಾರು ಯಾವ ಕೆಲಸಕ್ಕೆ ಹುಟ್ಟಿದರೋ ಸಾಯುವವರೆಗೆ ಅದೇ ಕೆಲಸ. ಮೆಗಾಟ್ರಾನ್ ಆ ವ್ಯವಸ್ಥೆಯ ತಳದವನು. ಉಳ್ಳವರ ಮೋಜಿಗಾಗಿ ಕಾಳಗದ ಕಣದಲ್ಲಿ ಹೊಡೆದಾಡಿ ಬದುಕಿದವನು. "ಇದು ಯಾಕೆ ಹೀಗೆ?" ಎಂದು ಕೇಳಿದವನು ಅವನೇ. ಆ ಮಾತು ಕೇಳಿ ಎಚ್ಚೆತ್ತ ಗುಮಾಸ್ತ ಓರಿಯನ್ ಪ್ಯಾಕ್ಸ್ ಮುಂದೆ ಆಪ್ಟಿಮಸ್ ಆಗುತ್ತಾನೆ. 2024ರ 'ಟ್ರಾನ್ಸ್‌ಫಾರ್ಮರ್ಸ್ ಒನ್' ಚಿತ್ರದಲ್ಲಂತೂ ಇಬ್ಬರೂ ಒಂದೇ ಗಣಿಯ ಕೂಲಿಗಳು, ಜೀವದ ಗೆಳೆಯರು.

'ರೋಬೋಟ್' ಎಂಬ ಪದ ಬಂದದ್ದು ಎಲ್ಲಿಂದ ಗೊತ್ತೇ? ಕರೆಲ್ ಚಾಪೆಕ್ ಎಂಬ ಚೆಕ್ ಲೇಖಕ 1920ರಲ್ಲಿ ಬರೆದ ನಾಟಕದಿಂದ. ಅದರ ಮೂಲ 'ರೊಬೊಟಾ' ಎಂಬ ಚೆಕ್ ಪದ. ಅರ್ಥ, ಒಡೆಯನಿಗೆ ಮಾಡಲೇಬೇಕಾದ ದುಡಿಮೆ. ನಮ್ಮ ಮಾತಿನಲ್ಲಿ ಬಿಟ್ಟಿ ಚಾಕರಿ. ನಮ್ಮ ಅಜ್ಜ-ಮುತ್ತಜ್ಜರು ಗೌಡರ ಮನೆ ಮುಂದೆ, ಊರ ಹೊರಗೆ ಮಾಡಿದ್ದು ಅದೇ ಅಲ್ಲವೇ? ಜಾತಿ ಎಂದರೆ ಕೆಲಸದ ಹಂಚಿಕೆಯಲ್ಲ, ಕೆಲಸಗಾರರನ್ನೇ ಮೇಲು ಕೀಳೆಂದು ಒಡೆದಿಟ್ಟದ್ದು ಎಂದು ಬಾಬಾಸಾಹೇಬರು 1936ರಲ್ಲೇ ಬರೆದರು. ಆದ್ದರಿಂದ ಮೆಗಾಟ್ರಾನ್‌ನ ಪ್ರಶ್ನೆ ನಮ್ಮದು. ಅವನ ಸಿಟ್ಟೂ ನ್ಯಾಯದ್ದು.

ಹಾಗಾದರೆ ಅವನು ಎಡವಿದ್ದೆಲ್ಲಿ? ಆಟದ ಎರಡೂ ಭಾಗಗಳನ್ನು ಜೋಡಿಸಿ ನೋಡಿದರೆ ತಿಳಿಯುತ್ತದೆ. ಮೊದಲನೇ ಭಾಗದಲ್ಲಿ ಅವನು ಗೆಲ್ಲಲೇಬೇಕೆಂದು 'ಡಾರ್ಕ್ ಎನರ್ಜಾನ್' ಎಂಬ ವಿಷಶಕ್ತಿಯನ್ನು ಗ್ರಹದ ಒಡಲಿಗೇ ಹರಿಸುತ್ತಾನೆ. ಎರಡನೇ ಭಾಗದಲ್ಲಿ ಆ ಗ್ರಹವೇ ಸಾಯುತ್ತಿದೆ. ಉಳಿದವರು ಹಡಗು ಹತ್ತಿ ಊರು ಬಿಡುತ್ತಿದ್ದಾರೆ. ಹೋಗುವಾಗಲೂ ಕಾಳಗ ನಿಂತಿಲ್ಲ. ಎರಡನೆಯದರ ದುಃಖಕ್ಕೆ ಕಾರಣ ಮೊದಲನೆಯದರಲ್ಲೇ ಇತ್ತು. ತಥಾಗತರು ಕಾರಣ-ಕಾರ್ಯ ಎಂದು ಬೋಧಿಸಿದ್ದೂ ಇದನ್ನೇ. ಇನ್ನೊಂದು ಮಾತು. ಮೆಗಾಟ್ರಾನ್ ಏಣಿಯನ್ನು ಮುರಿಯಲಿಲ್ಲ. ಅದರ ತುದಿಯಲ್ಲಿ ತಾನು ಕೂರಬೇಕೆಂದ. ಕೆಳಗಿದ್ದವರು ಕೆಳಗೇ ಉಳಿದರು, ಒಡೆಯ ಮಾತ್ರ ಬದಲಾದ.

ನಮ್ಮೂರಲ್ಲಿ ಟ್ರಾನ್ಸ್‌ಫಾರ್ಮರ್ ಎಂದರೆ ಕಂಬದ ಮೇಲಿನ ಟಿಸಿ. 11 ಸಾವಿರ ವೋಲ್ಟ್ ಲೈನಿಗೆ ನೇರವಾಗಿ ವೈರ್ ಹಾಕಿದರೆ ಮನೆಯೇ ಸುಟ್ಟುಹೋಗುತ್ತದೆ. ಅದೇ ಕರೆಂಟು ಟಿಸಿ ದಾಟಿ 230 ವೋಲ್ಟ್ ಆಗಿ ಬಂದರೆ ಮಗು ಓದಲು ಬೆಳಕಾಗುತ್ತದೆ. ಸಾವಿರಾರು ವರ್ಷಗಳ ಅವಮಾನದ ಸಿಟ್ಟು ಕೂಡ ಹೈಟೆನ್ಷನ್ ಲೈನೇ. ಅದನ್ನು ಆರಿಸಿಬಿಡಿ ಎಂದು ಬಾಬಾಸಾಹೇಬರು ನಮಗೆ ಹೇಳಲಿಲ್ಲ. ನೇರವಾಗಿ ಹರಿಸಿ ಎಂದೂ ಹೇಳಲಿಲ್ಲ.

1927ರ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಯ ನೀರು ಮುಟ್ಟಿದ ನಮ್ಮವರ ಮೇಲೆ ಸವರ್ಣರು ದೊಣ್ಣೆ ಹಿಡಿದು ಬಿದ್ದರು. ತಿರುಗಿ ಹೊಡೆಯುವ ಶಕ್ತಿ ನಮ್ಮವರಿಗೂ ಇತ್ತು. ಸೈನ್ಯದಲ್ಲಿ ದುಡಿದು ಬಂದವರೂ ಆ ಗುಂಪಿನಲ್ಲಿದ್ದರು. ಬಾಬಾಸಾಹೇಬರು ಅವರನ್ನು ತಡೆದರು. ಆ ಸಿಟ್ಟು ಅದೇ ವರ್ಷ ಡಿಸೆಂಬರ್ 25ರಂದು ಮನುಸ್ಮೃತಿಯನ್ನು ಸುಟ್ಟಿತು, ಮನುಷ್ಯರನ್ನಲ್ಲ. ಕೋರ್ಟಿನಲ್ಲಿ ಹತ್ತು ವರ್ಷ ಹೋರಾಡಿ 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಕೆರೆಯ ಹಕ್ಕು ಗೆದ್ದಿತು. ಮುಂದೆ ಸಂವಿಧಾನವಾಯಿತು. 1956ರ ನವೆಂಬರ್ 20ರಂದು ಕಠ್ಮಂಡುವಿನಲ್ಲಿ ಬುದ್ಧ ಮತ್ತು ಮಾರ್ಕ್ಸ್ ಕುರಿತು ಮಾತನಾಡುವಾಗಲೂ ಬಾಬಾಸಾಹೇಬರು ಒತ್ತಿ ಹೇಳಿದ್ದು ದಾರಿಯ ಬಗ್ಗೆಯೇ. ಗುರಿ ಒಂದೇ ಇರಬಹುದು. ಆದರೆ ಮನಸ್ಸು ಬದಲಿಸಿ ತಂದ ಸಮತೆ ಉಳಿಯುತ್ತದೆ, ಬಲದಿಂದ ತಂದದ್ದು ಆ ಬಲ ಇರುವವರೆಗೆ ಮಾತ್ರ.

ವೈರಕ್ಕೆ ಯಾವಾಗಲೂ ಮುಂದಿನ ಭಾಗ ಇರುತ್ತದೆ. ಅದನ್ನು ನಿಲ್ಲಿಸಲು ಯಾರಾದರೂ ಒಬ್ಬರು ಎದ್ದು ನಿಲ್ಲಬೇಕು. ಕಳಿಂಗ ಗೆದ್ದ ಅಶೋಕ ಎದ್ದು ನಿಂತ. ಅವನ ಮಾತು ನಮ್ಮ ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೇ ಇದೆ. ದೊಡ್ಡವರಿಗಷ್ಟೇ ಅಲ್ಲ, ಧಮ್ಮದಲ್ಲಿ ಶ್ರದ್ಧೆಯಿಟ್ಟರೆ ಚಿಕ್ಕವರಿಗೂ ಈ ದಾರಿ ದಕ್ಕುತ್ತದೆ ಎಂಬುದು ಅದರ ತಾತ್ಪರ್ಯ. ಹುಟ್ಟಿನಿಂದ ಯಾರೂ ಯಂತ್ರವಲ್ಲ.

'ಫಾಲ್ ಆಫ್ ಸೈಬರ್‌ಟ್ರಾನ್'ನಲ್ಲಿ ಎರಡೂ ಕಡೆಯವರಾಗಿ ಆಡಬಹುದು. ಅದು ಆ ಆಟದ ಒಳ್ಳೆಯ ಗುಣ. ಆದರೆ ಯುದ್ಧ ನಿಲ್ಲಿಸಿ ಎದುರಾಳಿಯ ಜೊತೆ ಕೂತು ಮಾತಾಡುವ ಗುಂಡಿ ಅದರಲ್ಲಿಲ್ಲ. ಆ ಗುಂಡಿ ಇರುವುದು ಮನೆಯಲ್ಲಿ, ನಮ್ಮ ಕೈಯಲ್ಲಿ.

ಇಂದಿನ ಅಭ್ಯಾಸ: ಆಟ ನೋಡಿ ಬೈಯಬೇಡಿ. ಹೋಮ್‌ವರ್ಕ್ ಮುಗಿದ ಮೇಲೆ ಇಷ್ಟು ಹೊತ್ತು ಎಂದು ವೇಳೆ ಗೊತ್ತು ಮಾಡಿ. ರಾತ್ರಿ ಊಟಕ್ಕೆ ಕೂತಾಗ ಮಗುವಿಗೆ ಎರಡೇ ಪ್ರಶ್ನೆ ಕೇಳಿ. ಮೆಗಾಟ್ರಾನ್‌ಗೆ ಸಿಟ್ಟು ಯಾಕೆ ಬಂತು? ಆ ಸಿಟ್ಟಿನಿಂದ ಅವನು ಬೇರೆ ಏನು ಮಾಡಬಹುದಿತ್ತು? ಉತ್ತರ ನೀವು ಹೇಳಬೇಡಿ, ಅವರೇ ಹುಡುಕಲಿ.

ಭವತು ಸಬ್ಬ ಮಂಗಲಂ. ಜೈಭೀಮ್.